ಗುರುವಾರ ಮೂರೂವರೆಗೆ ಪ್ಲಾಸಾ ದೆ ಮಾಯೋದಲ್ಲಿ

ಅರ್ಜೆಂಟೀನಾದ ಬ್ಯೂನಸ್ ಐರಿಸ್‌ಗೆ ಹೋಗೋರು ಟ್ಯಾಂಗೋ, ಫುಟ್‌ಬಾಲ್ ಅಂತ ಲಿಸ್ಟ್ ಮಾಡ್ಕೊಂಡು ಹೋಗ್ತಾರೆ, ನಾನು ಮಾತ್ರ ಗುರುವಾರ ಮಧ್ಯಾಹ್ನ ಖಾಲಿ ಇಟ್ಕೊಂಡಿದ್ದೆ, ಮಾಯವಾದ ಮಕ್ಕಳಿಗಾಗಿ 'ಪ್ಲಾಸಾ ದೆ ಮಾಯೋದ ತಾಯಂದ್ರು' ಪ್ರತಿ ಗುರುವಾರ ಮೂರೂವರೆಗೆ ಆ ಚೌಕದಲ್ಲಿ ಸುತ್ತು ಹಾಕೋದನ್ನ ನೋಡೋಕೆ. ಮೆಟ್ರೋ ಎ ಲೈನ್‌ನ ಕೊನೇ ಸ್ಟಾಪಲ್ಲಿ ಇಳಿದು ಮೆಟ್ಟಿಲು ಹತ್ತಿದ್ರೆ ಪ್ಲಾಸಾ ದೆ ಮಾಯೋ, ಒಂದು ಕಡೆ ಗುಲಾಬಿ ಬಣ್ಣದ ಕಾಸಾ ರೊಸಾದಾ ಅಂದ್ರೆ ಅಧ್ಯಕ್ಷರ ಆಫೀಸು, ನಡುವೆ ಬಿಳೀ ಸ್ತಂಭ, ಸುತ್ತ ನೆಲದ ಮೇಲೆ ಹೆಂಗಸ್ರು ತಲೆಗೆ ಕಟ್ಟೋ ಬಿಳೀ ವಸ್ತ್ರದ ಚಿತ್ರಗಳು.

1976ರಲ್ಲಿ ಮಿಲಿಟರಿಯೋರು ಅಧಿಕಾರ ಹಿಡಿದ್ಮೇಲೆ ಸಾವಿರಾರು ಹುಡುಗ ಹುಡುಗೀರನ್ನ ಹೊತ್ಕೊಂಡು ಹೋದ್ರು, ಎಲ್ಲಿ ಅಂತ ಕೇಳಿದ್ರೆ ಯಾರೂ ಬಾಯಿ ಬಿಡಲ್ಲ. 1977ರ ಏಪ್ರಿಲ್ 30ಕ್ಕೆ ಅಸುಸೆನಾ ವಿಯಾಫ್ಲೋರ್ ಅನ್ನೋ ತಾಯಿ ಇನ್ನೊಂದಷ್ಟು ತಾಯಂದ್ರನ್ನ ಸೇರಿಸ್ಕೊಂಡು ಇಲ್ಲಿ ಬಂದು ನಿಂತ್ರು. ಗುಂಪು ಕಟ್ಟಂಗಿಲ್ಲ, ನಡೀರಿ ನಡೀರಿ ಅಂತ ಪೊಲೀಸ್ನೋರು ಗದರಿದ್ರು, ಆಯ್ತಪ್ಪ ನಡೀತೀವಿ ಅಂತ ಇಬ್ಬಿಬ್ರೇ ತೋಳು ಹಿಡ್ಕೊಂಡು ಸುತ್ತು ಹಾಕೋಕೆ ಶುರು ಮಾಡಿದ್ರು, ಇವತ್ತಿಗೂ ನಿಲ್ಸಿಲ್ಲ. ಆ ತಲೆವಸ್ತ್ರ ಬಂದಿದ್ದೂ ಅದೇ ವರ್ಷ, ಲುಹಾನ್ ಅನ್ನೋ ಊರಿನ ಮೇರಿ ಮಾತೆ ಚರ್ಚಿಗೆ ಹೋಗೋ ಯಾತ್ರೆಯ ಜನಸಂದಣೀಲಿ ಒಬ್ರನ್ನೊಬ್ರು ಗುರುತು ಹಿಡಿಯೋಕೆ ಅಂತ ಮಕ್ಕಳ ಲಂಗೋಟಿ ಬಟ್ಟೇನೇ ತಲೆಗೆ ಕಟ್ಕೊಂಡಿದ್ರು. ಡಿಸೆಂಬರಲ್ಲಿ ಅಸುಸೆನಾ ಅವರನ್ನೂ ಹೊತ್ಕೊಂಡು ಹೋದ್ರು. ಅವರ ಮೂಳೆಯ ಗುರುತು ಸಿಕ್ಕಿದ್ದು 2005ರಲ್ಲಿ.

ಆಮೇಲೆ ಮುಂದಕ್ಕೆ ಬಂದಿದ್ದು ಎಬೆ ದೆ ಬೊನಾಫಿನಿ. ಲಾ ಪ್ಲಾತಾ ಊರಿನ ಗೃಹಿಣಿ, ಪ್ರೈಮರಿ ತನಕ ಓದು, ಹೊರ್ಹೆ ಮತ್ತೆ ರಾವುಲ್ ಅಂತ ಇಬ್ರು ಗಂಡುಮಕ್ಳು 1977ರಲ್ಲೇ ಮಾಯ, ಮುಂದಿನ ವರ್ಷ ಸೊಸೇನೂ. ಈಯಮ್ಮಂಗೆ ಬಾಯಿಗೆ ಬೀಗ ಅನ್ನೋದೇ ಇರ್ಲಿಲ್ಲ. ಮಕ್ಕಳ ಮೂಳೆ ಹುಡುಕಿ ಕೊಡ್ತೀವಿ ಅಂದ್ರೆ ಬೇಡ, ಸರ್ಕಾರ ಪರಿಹಾರ ಕೊಡ್ತೀವಿ ಅಂದ್ರೆ ಅದೂ ಬೇಡ, ಜೀವಂತ ತಗೊಂಡು ಹೋಗಿದೀರ ಜೀವಂತ ವಾಪಸ್ ಕೊಡಿ ಅಂತ ಒಂದೇ ಹಠ. ಇಂಥದ್ದಕ್ಕೇ 1986ರಲ್ಲಿ ಸಂಘಟನೆ ಎರಡು ಹೋಳಾಯ್ತು. ನ್ಯೂಯಾರ್ಕ್ ಅವಳಿ ಗೋಪುರ ಬಿದ್ದಾಗ ಖುಷಿ ಆಯ್ತು ಅಂದ್ಬಿಟ್ರು, ಅದನ್ನ ನನ್ ಕೈಲಿ ಒಪ್ಪೋಕೆ ಆಗಲ್ಲ. 2011ರಲ್ಲಿ ಅವರ ಸಂಘಟನೆ ಬಡವರಿಗೆ ಮನೆ ಕಟ್ಟಿಸೋ ಯೋಜನೆಯ ದುಡ್ಡಿನ ಹಗರಣ ಬೇರೆ. ಆದ್ರೆ ಮೂಳೆ ಬೇಡ ಅಂದ ಮೊಂಡುತನ ಇಲ್ದೇ ಇದ್ರೆ ಬಂದೂಕಿನ ಎದುರಿಗೆ ವಾರ ವಾರ ಬರೋಕೆ ಆಗ್ತಿತ್ತಾ ಅನ್ಸುತ್ತೆ, ಎರಡೂ ಬೇರೆ ಬೇರೆ ಅಲ್ಲ.

ಎರಡೂ ಬಣದೋರು ಒಂದೇ ಹೊತ್ತಿಗೆ ಬರ್ತಾರೆ, ಬೇರೆ ಬೇರೆಯಾಗಿ ಸುತ್ತುತಾರೆ, ನಾನು ಒಂದರ ಹಿಂದೆ ಸೇರ್ಕೊಂಡೆ. ಉಳಿದಿರೋ ತಾಯಂದ್ರಿಗೆಲ್ಲ ತುಂಬಾ ವಯಸ್ಸಾಗಿದೆ. ಒಬ್ರು ಹೆಸರು ಕೂಗಿದ್ರೆ ಮಿಕ್ಕೋರು 'ಪ್ರೆಸೆಂತೆ' ಅಂತಾರೆ, ಶಾಲೇಲಿ ಹಾಜರಿ ಕೂಗಿದಂಗೆ. 2022ರ ನವೆಂಬರಲ್ಲಿ 93 ವರ್ಷಕ್ಕೆ ತೀರ್ಕೊಂಡ ಎಬೆಯ ಅಸ್ಥಿ ಇರೋದೂ ಆ ಸ್ತಂಭದ ಬುಡದಲ್ಲೇ.

ರಾತ್ರಿ ಹೋಂಸ್ಟೇಲಿ ಎಬೆ ಹೆಸರೆತ್ತಿದ್ದೇ ತಡ, ಯಜಮಾನ್ರು ಮನೆ ಯೋಜನೆ ದುಡ್ಡು ಎಲ್ಲೋಯ್ತು ಅಂತ ಶುರು ಮಾಡಿದ್ರು, ಅವರ ಹೆಂಡ್ತಿ ಮಿಲಿಟರಿ ಕಾಲದಲ್ಲಿ ನೀವೆಲ್ಲ ಎಲ್ಲಿ ಅಡಗಿದ್ರಿ ಅಂತ ತಿರುಗಿ ಬಿದ್ರು, ಅರ್ಧ ಸ್ಪ್ಯಾನಿಷ್ ನಂಗೆ ಅರ್ಥಾನೂ ಆಗ್ಲಿಲ್ಲ, ಸುಮ್ನೆ ಎಂಪನಾದಾ ಅನ್ನೋ ಅಲ್ಲಿನ ಕಡುಬು ತಿಂತಾ ಕೂತಿದ್ದೆ.