ಆ ಹುಡುಗಿ ಯಾವ ಕ್ಲಾಸು?

ವಜ್ರಮಹೋತ್ಸವದ ಸಂಚಿಕೆಗೆ ನೆನಪುಗಳನ್ನು ಬರೆದುಕೊಡಿ ಎಂದು ಶಾಲೆಯಿಂದ ಪತ್ರ ಬಂದದ್ದೇ ತಡ, ನಮ್ಮ ಬ್ಯಾಚಿನವರು ವಿಷಯಗಳನ್ನು ಹಂಚಿಕೊಂಡುಬಿಟ್ಟರು. ಡ್ರಿಲ್ ಮೇಷ್ಟರ ಸೀಟಿ ಒಬ್ಬಳಿಗೆ, ಮಧ್ಯಾಹ್ನದ ಉಪ್ಪಿಟ್ಟು ಇನ್ನೊಬ್ಬನಿಗೆ, ಗಾಳಿಗೆ ಹೆಂಚು ಹಾರಿಹೋದ ಕಥೆ ಮತ್ತೊಬ್ಬನಿಗೆ. ನನ್ನ ಪಾಲಿಗೆ ಏನೂ ಉಳಿಯಲಿಲ್ಲ. ಆದ್ದರಿಂದ ನಮ್ಮ ಶಾಲೆಗೆ ಎಂದೂ ಕಾಲಿಡದ ಒಬ್ಬ ಹುಡುಗಿಯ ಬಗ್ಗೆ ಬರೆಯುತ್ತೇನೆ. ಅವಳನ್ನು ನನಗೆ ಮೊದಲು ತೋರಿಸಿದ್ದು ಮಾತ್ರ ಈ ಶಾಲೆಯೇ.

ನಾನಾಗ ಆರನೆಯ ತರಗತಿ, 1975ರ ಆರಂಭದ ದಿನಗಳು. ಹುಣಸೂರು ಕೃಷ್ಣಮೂರ್ತಿಯವರ ‘ಭಕ್ತ ಕುಂಬಾರ’ ಹಿಂದಿನ ವರ್ಷವೇ ತೆರೆಕಂಡಿತ್ತು. ಕೊಬ್ಬರಿ ಮಂಡಿಯ ಹಿಂದಿದ್ದ ನಮ್ಮ ಚಿತ್ರಮಂದಿರಕ್ಕೆ ರೀಲಿನ ಪೆಟ್ಟಿಗೆ ಬರುವ ಹೊತ್ತಿಗೆ ಪ್ರಿಂಟು ಸವೆದು, ಪಂಢರಾಪುರದಲ್ಲಿ ಬಿಸಿಲಿದ್ದರೂ ಪರದೆಯ ಮೇಲೆ ಗೀರುಗಳ ಮಳೆ. ಭಕ್ತಿಯ ಚಿತ್ರವೆಂದು ಹೆಡ್‌ಮಾಸ್ಟರು ಧಾರಾಳವಾಗಿ ಒಪ್ಪಿದರು. ತಲೆಗೆ ನಲವತ್ತು ಪೈಸೆ. ಇಬ್ಬಿಬ್ಬರ ಸಾಲಿನಲ್ಲಿ ನಡೆಸಿಕೊಂಡು ಹೋಗಿ ನಮ್ಮನ್ನು ಬೆಂಚಿನ ಮೇಲೆ ಕೂರಿಸಿದರು. ಆ ದಿನ ಗಣಿತವೂ ಇಲ್ಲ, ಹಿಂದಿಯೂ ಇಲ್ಲ. ಅದಕ್ಕಿಂತ ದೊಡ್ಡ ವಿಠ್ಠಲನ ಕೃಪೆ ಯಾವುದಿತ್ತು?

ಗೋರಾ ಕುಂಬಾರನಾಗಿ ರಾಜಕುಮಾರ್ ಮೈಮರೆತು ಮಣ್ಣು ತುಳಿಯುವಾಗ ಮಗು ಅಂಬೆಗಾಲಿಡುತ್ತಾ ಬರುವ ದೃಶ್ಯಕ್ಕೆ ಇಡೀ ಚಿತ್ರಮಂದಿರವೇ ಅತ್ತಿತು. ನಾನೂ ಅತ್ತೆ. ಆದರೆ ನನ್ನ ಕಣ್ಣು ನೆಟ್ಟದ್ದು ಮುಕ್ತಾಬಾಯಿಯ ಮೇಲೆ. ಗೋರನ ಕಥೆ ಬಲ್ಲವರಿಗೆ ಅವಳು ಗೊತ್ತು: ಜ್ಞಾನದೇವನ ತಂಗಿ. ಮಡಕೆ ತಟ್ಟುವ ಕೋಲಿನಿಂದ ಸಂತರ ತಲೆಗಳನ್ನೂ ತಟ್ಟಿ, ಯಾವುದು ಬೆಂದಿದೆ, ಯಾವುದು ಹಸಿ ಎಂದು ಹೇಳು ನೋಡೋಣ ಎಂದು ಗೋರನನ್ನು ಕೆಣಕಿದವಳು. ಗಡ್ಡಮೀಸೆಯ ದೊಡ್ಡವರ ನಡುವೆ ನನ್ನಷ್ಟೇ ಎತ್ತರದ ಹುಡುಗಿ, ಒಂದಿಷ್ಟೂ ಅಳುಕಿಲ್ಲದೆ ನಿಂತಿದ್ದಳು. ಶಾಲಾ ವಾರ್ಷಿಕೋತ್ಸವದಲ್ಲಿ ಕಿತ್ತೂರು ಚೆನ್ನಮ್ಮನ ಸಖಿಯಾಗಿ ಒಂದೇ ಒಂದು ಮಾತನ್ನು ಹೇಳಲಾಗದೆ ತೊದಲಿದ್ದ ನನಗೆ ಹೊಟ್ಟೆಕಿಚ್ಚಾಯಿತು.

ಪ್ರೊಜೆಕ್ಟರ್ ನಡೆಸುವವರ ಮಗ ನಮ್ಮ ಕ್ಲಾಸಿನಲ್ಲೇ ಇದ್ದ. ಮುಕ್ತಾಬಾಯಿಯಾದ ಹುಡುಗಿಯ ಹೆಸರು ಬೇಬಿ ಶ್ರೀದೇವಿ ಎಂದು ಅವನೇ ಹೇಳಿದ್ದು. “ಅವಳು ಯಾವ ಕ್ಲಾಸು?” ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಮರುದಿನ ಕನ್ನಡ ಪಂಡಿತರು ‘ನಾನು ಕಂಡ ಚಲನಚಿತ್ರ’ ಎಂದು ಪ್ರಬಂಧ ಬರೆಸಿದರು. ಎರಡು ಪುಟ ಮುಕ್ತಾಬಾಯಿಯನ್ನೇ ಬರೆದೆ. ಹತ್ತಕ್ಕೆ ನಾಲ್ಕು ಅಂಕ ಕೊಟ್ಟು, ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಪಂಡಿತರು ಬರೆದಿದ್ದರು: “ಕಥಾನಾಯಕ ಯಾರಮ್ಮಾ?”

ಅವಳು ಯಾವ ಕ್ಲಾಸೂ ಅಲ್ಲ ಎಂಬುದು ತಿಳಿದದ್ದು ಬಹಳ ವರ್ಷಗಳ ಮೇಲೆ. ಶಾಲೆ ಕಾಲೇಜುಗಳ ಬದುಕು ತನಗೆ ಸಿಗಲಿಲ್ಲ ಎಂದು ಸಂದರ್ಶನಗಳಲ್ಲಿ ಅವಳೇ ಹೇಳಿಕೊಂಡಿದ್ದಾಳೆ. ಹುಟ್ಟಿದ್ದು 1963ರ ಆಗಸ್ಟ್ 13ರಂದು, ತಮಿಳುನಾಡಿನ ಶಿವಕಾಶಿಯ ಬಳಿ. ತಂದೆ ವಕೀಲರು, ತಾಯಿ ತಿರುಪತಿಯ ಕಡೆಯವರು. ನಾವೆಲ್ಲ ಸ್ಲೇಟು ಬಳಪ ಹಿಡಿಯುವ ಮೊದಲೇ, ನಾಲ್ಕನೆಯ ವಯಸ್ಸಿಗೆ, ಅವಳು ಬಾಲಮುರುಗನಾಗಿ ಕ್ಯಾಮೆರಾ ಮುಂದೆ ನಿಂತಾಗಿತ್ತು. 1971ರ ‘ಪೂಂಬಾಟ್ಟ’ ಎಂಬ ಮಲಯಾಳಂ ಚಿತ್ರಕ್ಕೆ ಕೇರಳ ಸರ್ಕಾರದ ಬಾಲನಟಿ ಪ್ರಶಸ್ತಿ ಬಂತು. ತಮಿಳು, ತೆಲುಗು, ಮಲಯಾಳಂ, ಕನ್ನಡ ಎಂದು ಸುತ್ತುತ್ತಿದ್ದ ಮಗು ಯಾವ ಊರಿನ ಹಾಜರಿ ಪುಸ್ತಕದಲ್ಲಿ ಹೆಸರು ಬರೆಸೀತು? ನಮ್ಮ ಕ್ಲಾಸುಗಳನ್ನು ತಪ್ಪಿಸಿ ನಮ್ಮನ್ನು ಕರೆದುಕೊಂಡು ಹೋಗಿದ್ದು, ತನ್ನ ಕ್ಲಾಸುಗಳನ್ನು ತಪ್ಪಿಸಿ ಅವಳು ಮಾಡಿದ ಕೆಲಸವನ್ನು ನೋಡುವುದಕ್ಕೆ. (ಏಕವಚನಕ್ಕೆ ಓದುಗರ ಕ್ಷಮೆ ಇರಲಿ. ನನ್ನ ಓರಗೆಯವಳು; ಬಹುವಚನ ನಾಲಿಗೆಗೆ ಬರುವುದಿಲ್ಲ.)

ಬಾಲನಟಿಯರಿಗೆ ಹಲ್ಲು ಬಿದ್ದು ಹುಟ್ಟುವ, ಮೈ ಉದ್ದವಾಗುವ ವಯಸ್ಸು ಗಂಡಾಂತರದ್ದು. ಮಗುವೂ ಅಲ್ಲ, ನಾಯಕಿಯೂ ಅಲ್ಲ. ಹೆಚ್ಚಿನವರು ಅಲ್ಲೇ ಕಳೆದುಹೋಗುತ್ತಾರೆ. ಇವಳಿಗೆ ಆ ಬಿಡುವೂ ಸಿಗಲಿಲ್ಲ. 1976ರಲ್ಲಿ, ನಾನು ಎಂಟನೆಯ ತರಗತಿಯ ಬೀಜಗಣಿತಕ್ಕೆ ಕಣ್ಣೀರಿಡುತ್ತಿದ್ದಾಗ, ಕೆ. ಬಾಲಚಂದರ್ ಅವರ ‘ಮೂಂಡ್ರು ಮುಡಿಚ್ಚು’ ಚಿತ್ರದಲ್ಲಿ ಹದಿಮೂರರ ಅವಳು ಇಪ್ಪತ್ತೈದರ ರಜನಿಕಾಂತರಿಗೆ ಮಲತಾಯಿಯಾಗಿದ್ದಳು! ಮರುವರ್ಷ, ನಮ್ಮ ಪುಟ್ಟಣ್ಣ ಕಣಗಾಲರ ಬಳಿ ಪಳಗಿದ್ದ ಭಾರತಿರಾಜ ಅವರ ಮೊದಲ ಚಿತ್ರ ‘16 ವಯದಿನಿಲೇ’. ಅದರಲ್ಲಿ ಅವಳು ಓದಿ ಟೀಚರಾಗಬೇಕೆಂದು ಕನಸು ಕಾಣುವ ಹಳ್ಳಿಯ ಹುಡುಗಿ. ಆ ಪಾತ್ರ ಅವಳಿಗೇ ಸಿಗಬೇಕಿತ್ತೆ?

ಹಿಂದಿಯ ‘ಹಿಮ್ಮತ್‌ವಾಲಾ’, ‘ಮಿಸ್ಟರ್ ಇಂಡಿಯಾ’ ಎಲ್ಲರಿಗೂ ಗೊತ್ತು, ಅವನ್ನು ಬಿಡುತ್ತೇನೆ. ನನಗೆ ಮುಖ್ಯವಾದದ್ದು ಬಾಲು ಮಹೇಂದ್ರರ ‘ಮೂಂಡ್ರಾಂ ಪಿರೈ’. ನಾನು ನೋಡಿದ್ದು ಅದರ ಹಿಂದಿ ರೂಪ ‘ಸದ್ಮಾ’ವನ್ನು, ನೆರೆಮನೆಯ ಟಿ.ವಿ.ಯಲ್ಲಿ. ಅಪಘಾತದಲ್ಲಿ ನೆನಪು ಕಳೆದುಕೊಂಡು ಮಗುವಾಗುವ ತರುಣಿಯ ಪಾತ್ರ. ನಾಯಿಮರಿಯನ್ನು ಎದೆಗವಚಿಕೊಂಡು ತುಟಿ ಉಬ್ಬಿಸಿ ಹಟ ಹಿಡಿಯುವುದನ್ನು ಎಲ್ಲರೂ ಎಷ್ಟು ಸಹಜ ಎಂದು ಕೊಂಡಾಡಿದರು. ಮಗುವಾಗಿದ್ದಾಗ ದೇವರೂ ಸಂತಳೂ ಆಗಿ ನಿಂತವಳು, ದೊಡ್ಡವಳಾದ ಮೇಲೆ ಮಗುವಾಗಲು ಪುರುಸೊತ್ತು ಪಡೆದಳು ಎಂದು ನನಗನ್ನಿಸಿತು. ಅವಳ ಮೊದಮೊದಲ ಹಿಂದಿ ಚಿತ್ರಗಳಲ್ಲಿ ಕೇಳುವ ದನಿ ಅವಳದಲ್ಲ. ಹಲವು ಚಿತ್ರಗಳಿಗೆ ಕಂಠದಾನ ಮಾಡಿದವರು ನಾಜ್. 1954ರ ‘ಬೂಟ್ ಪಾಲಿಶ್’ನಲ್ಲಿ ಭಿಕ್ಷೆ ಬಿಟ್ಟು ಬೂಟು ತಿಕ್ಕಿ ಬದುಕಲು ಹೊರಡುವ ಅನಾಥ ಮಕ್ಕಳಲ್ಲಿ ಒಬ್ಬಳಾಗಿದ್ದ ಅದೇ ಬೇಬಿ ನಾಜ್. ಆ ಪಾತ್ರಕ್ಕೆ ಕಾನ್ ಚಿತ್ರೋತ್ಸವದಲ್ಲೂ ಮನ್ನಣೆ ಸಿಕ್ಕಿತ್ತು. ದಾಟಿ ಬಂದ ಒಬ್ಬ ಬಾಲನಟಿಯ ಮುಖಕ್ಕೆ, ದಾಟಲಾಗದ ಇನ್ನೊಬ್ಬ ಬಾಲನಟಿಯ ದನಿ. ಇದನ್ನು ಓದಿದ ದಿನ ನನಗೆ ಅನ್ನ ಸೇರಲಿಲ್ಲ.

ಈಗ ನಿಯಮಗಳಿವೆ. 2017ರಿಂದ, ಮಗು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ನಟಿಸುವಂತಿಲ್ಲ, ಬಿಡುವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ, ಗಳಿಕೆಯ ಶೇ. 20ರಷ್ಟಾದರೂ ಮಗುವಿನ ಹೆಸರಿನ ಠೇವಣಿಗೆ ಹೋಗಬೇಕು, ಓದು ನಿಲ್ಲಬಾರದು. ಕಾಗದದ ಮೇಲಂತೂ ಚೆನ್ನಾಗಿದೆ. ಟಿ.ವಿ. ಸ್ಪರ್ಧೆಗಳಲ್ಲಿ ರಾತ್ರಿ ಹತ್ತಕ್ಕೆ ತುಟಿಗೆ ಬಣ್ಣ ಹಚ್ಚಿಕೊಂಡು ಕುಣಿಯುವ ಮಕ್ಕಳನ್ನು ಕಂಡಾಗ ಈ ಐದು ಗಂಟೆಯನ್ನು ಎಣಿಸುವವರು ಯಾರು ಎಂದು ಕೇಳಬೇಕೆನಿಸುತ್ತದೆ. ಮೂವತ್ತು ವರ್ಷ ಪಾಠ ಹೇಳಿದ ಚಟ, ಬಿಡಿ.

2018ರ ಫೆಬ್ರವರಿ 24ರಂದು ಅವಳು ದುಬೈನಲ್ಲಿ ತೀರಿಕೊಂಡಳು. ಮರುದಿನ ಬೆಳಿಗ್ಗೆ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಹಾಕಿದವನು ಅದೇ ಪ್ರೊಜೆಕ್ಟರಿನವರ ಮಗ. ಕೆಳಗೆ ಒಂದೇ ಸಾಲು: “ನಿನ್ನ ಮುಕ್ತಾಬಾಯಿ ಹೋದಳು.”

ಅಂದು ನೆನಪಾದದ್ದು ಅದಕ್ಕೂ ಐದಾರು ವರ್ಷ ಹಿಂದಿನ ಒಂದು ಸಂಜೆ. ಹದಿನೈದು ವರ್ಷ ಬಿಟ್ಟು ಅವಳು ನಾಯಕಿಯಾಗಿ ಮರಳಿದ ‘ಇಂಗ್ಲಿಷ್ ವಿಂಗ್ಲಿಷ್’ ನೋಡಲು ಮಗಳೊಂದಿಗೆ ಹೋಗಿದ್ದೆ. ಲಾಡು ಮಾಡಿ ಮಾರುವ ಗೃಹಿಣಿ ನ್ಯೂಯಾರ್ಕಿನಲ್ಲಿ, ಮನೆಯವರಿಗೆ ಹೇಳದೆ, ಇಂಗ್ಲಿಷ್ ತರಗತಿಗೆ ಸೇರುತ್ತಾಳೆ. ನೀವು ‘ಆಂತ್ರಪ್ರೆನರ್’ ಎಂದು ಮೇಷ್ಟ್ರು ಹೇಳುತ್ತಾರೆ. ತರಗತಿ ಮುಗಿಸಿ ಬೀದಿಯಲ್ಲಿ ನಡೆಯುತ್ತಾ ಅವಳು ಆ ಪದವನ್ನು ಬಾಯಲ್ಲೇ ಹೊರಳಿಸುತ್ತಾಳೆ, ಹದಿನೇಳರ ಮಗ್ಗಿಯನ್ನು ನಾವು ಮಂಡಿಯ ದಾರಿಯುದ್ದಕ್ಕೂ ಹೊರಳಿಸುತ್ತಿದ್ದ ಹಾಗೆ. ಪಕ್ಕದ ಸೀಟಿನಿಂದ ಮಗಳು, “ಯಾಕಮ್ಮಾ, ನಗುವ ದೃಶ್ಯಕ್ಕೆ ಅಳುತ್ತಿದ್ದೀಯಾ?” ಎಂದಳು.

“ಏನಿಲ್ಲ,” ಎಂದೆ, “ನಲವತ್ತೊಂಬತ್ತಕ್ಕೆ ಅಂತೂ ಕ್ಲಾಸಿಗೆ ಸೇರಿಕೊಂಡಳು.”