ನಡುರಸ್ತೆಯ ಸೈಕಲ್ ದಾರಿ, ನಮ್ಮ ಕಾಕಾನ ಹಾಲಿನ ಕ್ಯಾನು

ಇಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವ್ಯಾಲೆನ್ಸಿಯಾ ಸ್ಟ್ರೀಟ್ ಅಂತ ಒಂದು ರಸ್ತೆ ಇದೆ. ಅದರ ಎಂಟು ಬ್ಲಾಕುಗಳಲ್ಲಿ ಸೈಕಲ್ ಎಲ್ಲಿ ಓಡಬೇಕು, ಅಂಚಿನಲ್ಲೋ ನಡುವೆಯೋ ಅಂತ ಸುಮಾರು ಎರಡು ವರ್ಷ ಜಗಳ ನಡೆಯಿತು. ನಾನೂ ಅದರಲ್ಲಿದ್ದೆ. ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ. ಊರಿಗೆ ಫೋನ್ ಮಾಡಿದಾಗಲೆಲ್ಲ ಈ ಮಾತು ತೆಗೆಯುತ್ತಿದ್ದೆ, ಅದು ಸುತ್ತಿ ಬಳಸಿ ಹುಬ್ಬಳ್ಳಿ-ಧಾರವಾಡ ರಸ್ತೆಗೆ ಬಂದು ನಿಲ್ಲುತ್ತಿತ್ತು. ಅದಕ್ಕೇ ಬರೆಯೋಣ ಅನ್ನಿಸಿತು.

ನಾನು ನರೇಂದ್ರದವಳು. ಧಾರವಾಡದಿಂದ ಬೆಳಗಾವಿ ಕಡೆ ಹೊರಟರೆ ಏಳೆಂಟು ಕಿಲೋಮೀಟರಿಗೆ ಸಿಗುವ ಊರು. ನನ್ನ ಮೊದಲ ಸೈಕಲ್ ಸರ್ಕಾರದ್ದು. 2006-07ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಕೊಡಲು ಶುರು ಮಾಡಿದರಲ್ಲ, ಅದು. ಅದನ್ನು ಹತ್ತಿಕೊಂಡು ರವಿವಾರ ಕಾಕಾನ ಹಿಂದೆ ಹಿಂದೆ ಧಾರವಾಡಕ್ಕೆ ಹೋಗುತ್ತಿದ್ದೆ. ಕಾಕಾ ಹಾಲು ಹಾಕುವವರು. ಕ್ಯಾರಿಯರಿನ ಎರಡೂ ಬದಿ ಕ್ಯಾನು ಕಟ್ಟಿ, ಹ್ಯಾಂಡಲಿಗೆ ಅಳತೆಯ ಲೋಟ ಸಿಕ್ಕಿಸಿಕೊಂಡು ಹೊರಟರೆ ಜ್ಯುಬಿಲಿ ಸರ್ಕಲ್ ದಾಟಿ ಟೋಲ್ ನಾಕಾ, ವಿದ್ಯಾಗಿರಿ ತನಕ ಮನೆ ಮನೆ ಮುಂದೆ ಇಳಿಯುವುದು, ಹಾಲು ಹಾಕುವುದು, ಮತ್ತೆ ಹತ್ತುವುದು. ಈಗಲೂ ಹೋಗುತ್ತಾರೆ. ಮೋಟರ್ ಸೈಕಲ್ ಕೊಡಿಸುತ್ತೇನೆ ಅಂದರೆ ಬೇಡ ಅಂತಾರೆ.

ಇಲ್ಲಿಗೆ ಬಂದು ಆರು ವರ್ಷವಾಯಿತು. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಕಾರು ಇಟ್ಟುಕೊಂಡಿಲ್ಲ, ಸೈಕಲ್ ಮೇಲೇ ಓಡಾಟ. ಈ ಊರು ಪೂರಾ ಗುಡ್ಡ. ಕೆಲವು ರಸ್ತೆ ಎಷ್ಟು ಏರು ಅಂದರೆ ಬರಿಗೈಲಿ ನಡೆದು ಹೋದರೂ ಏದುಸಿರು ಬರುತ್ತದೆ. ಅಂಥದ್ದರಲ್ಲಿ ವ್ಯಾಲೆನ್ಸಿಯಾ ಸಪಾಟು, ಉದ್ದಕ್ಕೆ ನೇರ. ಹಾಗಾಗಿ ಸೈಕಲಿನವರೆಲ್ಲ ಅದನ್ನೇ ಹಿಡಿಯುತ್ತಾರೆ. 1999ರಲ್ಲೇ ಅಲ್ಲಿ ಕಾರಿನ ಲೇನು ಕಡಿಮೆ ಮಾಡಿ ಸೈಕಲಿಗೆ ಗೆರೆ ಎಳೆದಿದ್ದರು. 2009ರಲ್ಲಿ ಇನ್ನೊಂದು ಒಳ್ಳೆ ಕೆಲಸ ಮಾಡಿದರು: ಸಿಗ್ನಲ್‌ಗಳನ್ನು ಸೈಕಲಿನ ವೇಗಕ್ಕೆ ಹೊಂದಿಸಿದರು. ಗಂಟೆಗೆ 13 ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು 21 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಒಂದಾದ ಮೇಲೊಂದು ಹಸಿರು ದೀಪ ಸಿಗುತ್ತಾ ಹೋಗುತ್ತದೆ. ಬಂದ ಹೊಸದರಲ್ಲಿ ಇದು ಗೊತ್ತಾದ ದಿನ ನನಗಾದ ಖುಷಿ ಹೇಳಲಾರೆ. ಇಷ್ಟು ದೊಡ್ಡ ಊರಿನ ಸಿಗ್ನಲ್ ಸೈಕಲ್ ಹೊಡೆಯುವವರ ಲೆಕ್ಕ ಇಟ್ಟುಕೊಂಡು ನಡೆಯುತ್ತದೆ ಅಂದರೆ ನಂಬುವುದೇ ಕಷ್ಟ, ಅಲ್ವಾ?

ಆದರೆ ಗೆರೆ ಬರೀ ಬಣ್ಣದ್ದು. ಇಲ್ಲಿ ಗಾಡಿ ರಸ್ತೆಯ ಬಲಕ್ಕೆ ಓಡುತ್ತವೆ. ಬಲಗಡೆ ಫುಟ್‌ಪಾತಿಗೆ ಒತ್ತಿ ಕಾರು ನಿಂತಿರುತ್ತವೆ, ಅದರ ಎಡಕ್ಕೆ ನಮ್ಮ ಸೈಕಲ್ ದಾರಿ. ಅಂದರೆ ಡ್ರೈವರ್ ಬಾಗಿಲು ತೆಗೆದರೆ ಸೀದಾ ನಮ್ಮ ಮೈಮೇಲೆ. ಅದೂ ಅಲ್ಲದೆ ರಸ್ತೆ ತುಂಬ ಹೋಟೆಲು, ಬೇಕರಿ, ಪುಸ್ತಕದ ಅಂಗಡಿ. ಪಾರ್ಸಲ್ ತರುವ ವ್ಯಾನು, ಊಟ ಒಯ್ಯುವವರು, ಆ್ಯಪ್ ಟ್ಯಾಕ್ಸಿ ಎಲ್ಲ ಬಂದು ಸೈಕಲ್ ದಾರಿಯಲ್ಲೇ ನಿಲ್ಲುತ್ತಿದ್ದರು. ಪ್ರತಿ ಬ್ಲಾಕಿಗೂ ಎರಡು ಸಲ ಕಾರುಗಳ ನಡುವೆ ನುಗ್ಗಿ ಸುತ್ತಿ ಬರಬೇಕು. ದಿನಾ ಎದೆ ಢವಢವ.

ಅದಕ್ಕೆ ನಗರದವರು ಹೊಸ ನಕ್ಷೆ ತಂದರು. ಸೈಕಲ್ ದಾರಿಯನ್ನು ಅಂಚಿನಿಂದ ತೆಗೆದು ರಸ್ತೆಯ ನಟ್ಟನಡುವೆ ಹಾಕುವುದು. ಹೋಗುವವರು ಬರುವವರು ಇಬ್ಬರಿಗೂ ಅಲ್ಲೇ, ಅಕ್ಕಪಕ್ಕ. ಎರಡೂ ಬದಿ ರಬ್ಬರ್ ದಿಂಡು, ಪ್ಲಾಸ್ಟಿಕ್ ಕಂಬ, ಅದರಾಚೆ ಕಾರು. 15ನೇ ಬೀದಿಯಿಂದ 23ನೇ ಬೀದಿ ತನಕ, ಪ್ರಯೋಗಕ್ಕೆ ಅಂತ. ಎರಡೂ ತುದಿಗೆ ಸೈಕಲಿಗೇ ಬೇರೆ ಸಿಗ್ನಲ್: ಅಲ್ಲಿ ನಿಂತು ಅಂಚಿನಿಂದ ನಡುವಿಗೆ ದಾಟಬೇಕು, ಮುಗಿದಲ್ಲಿ ಮತ್ತೆ ಅಂಚಿಗೆ ಬರಬೇಕು. ಕಾರಿನವರು ಎಡಕ್ಕೆ ತಿರುಗುವಂತಿಲ್ಲ.

2023ರ ಏಪ್ರಿಲಿನಲ್ಲಿ ಸಾರಿಗೆ ಮಂಡಳಿ ಇದನ್ನು ಒಪ್ಪಿತು. ಆ ಸಭೆಗೆ ಯಾರು ಬೇಕಾದರೂ ಹೋಗಿ ಎರಡು ನಿಮಿಷ ಮಾತಾಡಬಹುದು. ನಾನು ಹೋಗಿ ಬೇಕು ಅಂತಲೇ ಹೇಳಿ ಬಂದೆ. ವ್ಯಾನುಗಳ ಕಾಟ ತಪ್ಪಿದರೆ ಸಾಕಾಗಿತ್ತು ನನಗೆ. ಬೇಡ ಅಂದ ಸೈಕಲಿನವರೂ ತುಂಬ ಇದ್ದರು. ಮುಂದಿನ ಬ್ಲಾಕುಗಳಲ್ಲಿ, ಅಂದರೆ ಮಾರ್ಕೆಟ್ ಸ್ಟ್ರೀಟ್‌ನಿಂದ 15ನೇ ಬೀದಿ ತನಕ, 2019ರಲ್ಲೇ ಫುಟ್‌ಪಾತಿಗೆ ಒತ್ತಿ ಸೈಕಲ್ ದಾರಿ, ಅದರಾಚೆ ಕಾರು ನಿಲ್ಲಿಸುವ ಜಾಗ ಮಾಡಿದ್ದಾರೆ, ಅದನ್ನೇ ಇಲ್ಲಿಗೂ ತಂದರೆ ಆಯಿತಲ್ಲ ಅಂತ ಅವರ ವಾದ. ಅವರ ಮಾತು ನನಗೆ ಆಗ ತಲೆಗೆ ಹೋಗಲಿಲ್ಲ.

ಆಗಸ್ಟಿನಲ್ಲಿ ದಾರಿ ತೆರೆಯಿತು. ಮೊದಲ ವಾರ ನಿಜಕ್ಕೂ ಚೆನ್ನಾಗಿತ್ತು. ವ್ಯಾನಿಲ್ಲ, ಕಾರಿನ ಬಾಗಿಲಿಲ್ಲ, ಹಸಿರು ದೀಪಗಳ ಸಾಲು. ಕೆಲಸಕ್ಕೆ ಹೋಗುವುದು ಬರುವುದು ಆರಾಮ ಅನ್ನಿಸಿತು.

ಶನಿವಾರ ಬೇಕರಿಗೆ ಹೋಗಬೇಕಿತ್ತು. ಬೇಕರಿ ಬ್ಲಾಕಿನ ನಡುಮಧ್ಯೆ ಇದೆ. ನಾನು ನಡುರಸ್ತೆಯಲ್ಲಿದ್ದೇನೆ, ಅಂಗಡಿ ಬಲಕ್ಕೆ ಹತ್ತು ಹೆಜ್ಜೆ ದೂರದಲ್ಲಿ ಕಾಣುತ್ತಿದೆ, ನಡುವೆ ದಿಂಡು, ಅದರಾಚೆ ಓಡುವ ಕಾರು. ನಿಲ್ಲೋಣ ಅಂದರೆ ಹಿಂದೆ ಜೋರಾಗಿ ಬರುತ್ತಿರುವವರು, ಪಕ್ಕಕ್ಕೆ ಸರಿಯಲು ಒಂದು ಗೇಣು ಜಾಗವಿಲ್ಲ. ಮುಂದಿನ ಸಿಗ್ನಲ್ ತನಕ ಹೋಗಿ, ಅಲ್ಲಿ ಇಳಿದು, ಜೀಬ್ರಾ ಪಟ್ಟಿಯ ಮೇಲೆ ಸೈಕಲ್ ತಳ್ಳಿಕೊಂಡು ಫುಟ್‌ಪಾತಿಗೆ ಬಂದು, ಅರ್ಧ ಬ್ಲಾಕು ಹಿಂದಕ್ಕೆ ನಡೆದೆ. ಒಂದು ದಿನವಾದರೆ ಸರಿ. ಔಷಧಿ ಅಂಗಡಿಗೂ ಹೀಗೇ, ತರಕಾರಿಗೂ ಹೀಗೇ. ಸ್ವಲ್ಪ ದಿನದಲ್ಲಿ ಆ ಅಂಗಡಿಗಳಿಗೆ ಹೋಗುವುದೇ ಬಿಟ್ಟೆ. ಆ ರಸ್ತೆ ನನಗೆ ಒಂದು ಕೊಳವೆಯ ಹಾಗೆ ಆಯಿತು, ಈ ತುದಿಯಲ್ಲಿ ಹೊಕ್ಕು ಆ ತುದಿಯಲ್ಲಿ ಹೊರಬೀಳುವುದು.

ನನ್ನ ಗೆಳತಿಯೊಬ್ಬಳು ರಾಣೆಬೆನ್ನೂರಿನವಳು, ಸೈಕಲಿನ ಹಿಂದೆ ಮಗನನ್ನು ಕೂರಿಸಿಕೊಂಡು ಬಾಲವಾಡಿಗೆ ಬಿಡುತ್ತಾಳೆ. ಅವಳು ಒಂದೇ ದಿನಕ್ಕೆ ಸಾಕು ಅಂದಳು. "ಎರಡೂ ಕಡೆ ಕಾರು, ನಡುವ ನಾನು, ಹಿಂದ ಕೂಸು. ಟೈರ್ ಜಾರಿ ಬಿದ್ರ ಯಾವ ಕಡೆ ಬಿದ್ರೂ ಗಾಡಿ ಕೆಳಗ. ಅಂಚಿನಾಗಾದ್ರ ಒಂದು ಕಡೆಯಾದ್ರೂ ಫುಟ್‌ಪಾತ್ ಇರ್ತಿತ್ತು." ಮಗನನ್ನು ಕರೆದುಕೊಂಡು ಬೇರೆ ಓಣಿಯಲ್ಲಿ, ಏರು ಹತ್ತಿ ಹೋಗಲು ಶುರು ಮಾಡಿದಳು.

ನವೆಂಬರಿನಲ್ಲಿ ನನಗೂ ಪೆಟ್ಟಾಯಿತು. ಒಂದು ಕಾರು ನನ್ನ ಮುಂದೆ ಹೋಗುತ್ತಿದ್ದದ್ದು ಇದ್ದಕ್ಕಿದ್ದಂತೆ ಯೂ ಟರ್ನ್ ಹೊಡೆಯಲು ಎಡಕ್ಕೆ ತಿರುಗಿ ರಬ್ಬರ್ ದಿಂಡು ಹತ್ತಿ ನಮ್ಮ ದಾರಿಗೇ ಅಡ್ಡ ಬಂತು. ಕಂಬ ಪ್ಲಾಸ್ಟಿಕ್ಕಿನದು, ಬಗ್ಗಿ ದಾರಿ ಬಿಟ್ಟಿತು. ನಾನು ಬ್ರೇಕ್ ಹಾಕಿ, ಮುಂದಿನ ಗಾಲಿ ದಿಂಡಿಗೆ ಬಡಿದು ಬಿದ್ದೆ. ಮಣಿಕಟ್ಟು ಉಳುಕಿ ಮೂರು ವಾರ ಪಟ್ಟಿ. ಡ್ರೈವರ್ ಇಳಿದು ಬಂದು ಕೈ ಹಿಡಿದು ಎಬ್ಬಿಸಿದ, ಎಡಕ್ಕೆ ತಿರುಗಬಾರದು ಅಂತ ಬೋರ್ಡ್ ನೋಡಿರಲಿಲ್ಲವಂತೆ. ಆಮೇಲೆ ಗಮನಿಸುತ್ತಾ ಹೋದೆ. ಹೀಗೆ ತಿರುಗುವವರು ಅವನೊಬ್ಬನೇ ಅಲ್ಲ. ಅಗ್ನಿಶಾಮಕ ಗಾಡಿ, ಆಂಬುಲೆನ್ಸ್ ಬಂದರೂ ಇದೇ ದಾರಿಯಲ್ಲಿ ಬರುತ್ತವೆ. ಅವು ಬರಲೇಬೇಕು, ಅದರ ಬಗ್ಗೆ ದೂರಿಲ್ಲ. ಆದರೆ ಆಗ ನಾವು ಎಲ್ಲಿಗೆ ಸರಿಯಬೇಕು ಅನ್ನುವುದಕ್ಕೆ ನಕ್ಷೆಯಲ್ಲಿ ಉತ್ತರವಿರಲಿಲ್ಲ.

ಇದೇ ಹೊತ್ತಿನಲ್ಲಿ ಕಾಕಾನಿಗೆ ಫೋನ್ ಮಾಡಿದ್ದೆ. ಕೈ ಹೇಗಾಯಿತು ಅಂತ ಹೇಳುತ್ತಾ ರಸ್ತೆಯನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ.

"ಅಲ್ಲಾ ಯವ್ವಾ, ನಡುರಸ್ತೇದಾಗ ಸೈಕಲ್ ಬಿಟ್ರ ಹಾಲು ಎಲ್ಲಿ ಹಾಕಬೇಕು?"

"ಇಲ್ಲಿ ಹಾಲು ಹಾಕಾವ್ರು ಇಲ್ರೀ ಕಾಕಾ."

"ಹಾಲಿಲ್ಲಂದ್ರ ಬ್ಯಾರೆ ಏನರ ಇರ್ತೈತಿ. ಸೈಕಲ್ ಮ್ಯಾಲ ಬರಾವ್ರು ಇಳಿಯಾಕ ಬರ್ತಾರ. ಬಸ್ಸಿನ ಮಾತು ಬ್ಯಾರೆ."

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹುಬ್ಬಳ್ಳಿ-ಧಾರವಾಡದಲ್ಲಿ ನಡುರಸ್ತೆ ಕೊಟ್ಟಿದ್ದು ಬಸ್ಸಿಗೆ. ಚಿಗರಿ ಬಸ್ಸು 2018ರ ಅಕ್ಟೋಬರಿನಲ್ಲಿ ಓಡಲು ಶುರುವಾದಾಗ ನಾನಿನ್ನೂ ಊರಲ್ಲಿದ್ದೆ. 2020ರ ಫೆಬ್ರವರಿಯಲ್ಲಿ ಅಧಿಕೃತ ಉದ್ಘಾಟನೆ ಆಯಿತು. (ದಕ್ಷಿಣದವರಿಗೆ: ಚಿಗರಿ ಅಂದರೆ ಜಿಂಕೆ.) ಸುಮಾರು 22 ಕಿಲೋಮೀಟರ್ ದಾರಿ. ಹಳೇ ಬಸ್ಸಿನಲ್ಲಿ ಉಣಕಲ್, ನವನಗರ, ರಾಯಾಪುರ ಅಂತ ನಿಂತು ನಿಂತು ಹೋಗುತ್ತಿದ್ದ ನೆನಪಿರುವ ನನಗೆ ಚಿಗರಿ ಇಷ್ಟ. ಬಸ್ಸಿಗೆ ನಡುರಸ್ತೆ ಸರಿಯಾದದ್ದು. ಯಾಕಂದರೆ ಬಸ್ಸು ನಿಲ್ದಾಣದಲ್ಲಿ ಮಾತ್ರ ನಿಲ್ಲುತ್ತದೆ, ಎರಡು ನಿಲ್ದಾಣಗಳ ನಡುವೆ ಯಾರಿಗೂ ಇಳಿಯುವ ಕೆಲಸವಿಲ್ಲ. ಸೈಕಲಿನವರಿಗೆ ಹಾಗಲ್ಲ. ಎಲ್ಲಿ ಬೇಕೋ ಅಲ್ಲಿ ಕಾಲು ಊರುವುದು, ಪರಿಚಯದವರು ಕಂಡರೆ ಮಾತಾಡುವುದು, ಹೂವಿನವಳ ಮುಂದೆ ನಿಲ್ಲುವುದು, ಅದೇ ಸೈಕಲಿನ ಅನುಕೂಲ. ಅದನ್ನು ಕಸಿದುಕೊಂಡರೆ ಸೈಕಲ್ ಒಂದು ನಿಧಾನ ಓಡುವ ಮೋಟರ್ ಬೈಕ್ ಆಗುತ್ತದೆ, ಅಷ್ಟೇ.

ವ್ಯಾಲೆನ್ಸಿಯಾದ ನಕ್ಷೆ ಬರೆದವರು ಕೆಟ್ಟವರಲ್ಲ. ಅಪಘಾತ ತಪ್ಪಿಸಬೇಕು, ವ್ಯಾನುಗಳಿಗೆ ನಿಲ್ಲಲು ಜಾಗ ಬೇಕು, ಹೋಟೆಲಿನವರು ಕೊರೊನಾ ಕಾಲದಲ್ಲಿ ಪಾರ್ಕಿಂಗ್ ಜಾಗದಲ್ಲಿ ಹಾಕಿದ ಮರದ ಕಟ್ಟೆಗಳು ಉಳಿಯಬೇಕು, ಎಲ್ಲ ಯೋಚನೆ ಮಾಡಿದ್ದರು. ಸೈಕಲ್ ಹೊಡೆಯುವವರು ಎಲ್ಲಿ ಇಳಿಯುತ್ತಾರೆ ಅನ್ನುವುದೊಂದನ್ನು ಬಿಟ್ಟಿದ್ದರು.

ನಾನು ಮತ್ತೆ ಸಭೆಗಳಿಗೆ ಹೋಗಲು ಶುರು ಮಾಡಿದೆ, ಈ ಸಲ ಬೇಡ ಅನ್ನಲು. ವಿಚಿತ್ರ ಅಂದರೆ ಅಂಗಡಿಯವರೂ ಬೇಡ ಅನ್ನುತ್ತಿದ್ದರು. ಗಿರಾಕಿ ಕಡಿಮೆಯಾದರು, ಪಾರ್ಕಿಂಗ್ ಹೋಯಿತು ಅಂತ ಅವರ ನೋವು. ಕೆಲವರು ಸೈಕಲ್ ದಾರಿಯೇ ಬೇಡ ಅನ್ನುವಷ್ಟು ಸಿಟ್ಟಾಗಿದ್ದರು. ನಾವು ಹಾಗಲ್ಲ, ದಾರಿ ಬೇಕು, ಅಂಚಿಗೆ ಬೇಕು ಅಂತಿದ್ದೆವು. ಇಬ್ಬರೂ ಒಂದೇ ಸಭೆಯಲ್ಲಿ ಒಂದೇ ನಕ್ಷೆಯನ್ನು ಬೇಡ ಅನ್ನುವಾಗ, ನಮ್ಮ ಮಾತು ಅವರ ಮಾತಿನಲ್ಲಿ ಸೇರಿ ಹೋಗದ ಹಾಗೆ ಹೇಳುವುದೇ ದೊಡ್ಡ ಕಷ್ಟವಾಗಿತ್ತು. ಸೈಕಲಿನವರಲ್ಲೂ ನಡುದಾರಿಯೇ ಚೆನ್ನ ಅನ್ನುವವರಿದ್ದರು. ಮುಖ್ಯವಾಗಿ ಇಡೀ ರಸ್ತೆ ದಾಟಿ ದೂರ ಹೋಗುವವರು, ಜೋರಾಗಿ ಹೊಡೆಯುವವರು. ಅವರ ಅನುಭವವೂ ಸುಳ್ಳಲ್ಲ. ಅವರು ಎಲ್ಲೂ ಇಳಿಯುವುದಿಲ್ಲ.

ನನ್ನ ಎರಡು ನಿಮಿಷದಲ್ಲಿ ಕಾಕಾನ ಹಾಲಿನ ಕ್ಯಾನಿನ ಬಗ್ಗೆ ಹೇಳಿದೆ. ಇಂಗ್ಲಿಷಿನಲ್ಲಿ ಹೇಳುವಾಗ ಗಂಟಲು ಸ್ವಲ್ಪ ಕಟ್ಟಿತು. ಹೊರಗೆ ಬಂದಾಗ ಊಟದ ಪಾರ್ಸಲ್ ಒಯ್ಯುವ ಒಬ್ಬ ಹುಡುಗ, ಮೆಕ್ಸಿಕೊದವನು, ಬಂದು ಕೈ ಕುಲುಕಿದ. ಅವನಿಗೂ ಅದೇ ತೊಂದರೆ, ದಿನಕ್ಕೆ ಮೂವತ್ತು ಸಲ.

2024ರ ನವೆಂಬರಿನಲ್ಲಿ ಮಂಡಳಿ ಸೈಕಲ್ ದಾರಿಯನ್ನು ಮತ್ತೆ ಅಂಚಿಗೆ ತರಲು ಒಪ್ಪಿತು. 2025ರ ಮೊದಲ ತಿಂಗಳುಗಳಲ್ಲಿ ಕೆಲಸ ಆಯಿತು. ಈಗ ಸೈಕಲ್ ದಾರಿ ಫುಟ್‌ಪಾತಿಗೆ ಒತ್ತಿಕೊಂಡಿದೆ, ಅದರಾಚೆ ಕಾರು ನಿಲ್ಲುತ್ತವೆ. ಹೋಟೆಲಿನ ಕಟ್ಟೆ ಬಂದಲ್ಲಿ ಕೆಲವು ಕಡೆ ದಾರಿ ಸೊಟ್ಟಗೆ ಅದನ್ನು ಸುತ್ತಿ ಹೋಗುತ್ತದೆ, ಕೆಲವು ಕಡೆ ಕಟ್ಟೆಗೂ ಫುಟ್‌ಪಾತಿಗೂ ನಡುವೆ ನುಸುಳುತ್ತದೆ, ಅಲ್ಲಿ ಊಟದ ತಟ್ಟೆ ಹಿಡಿದು ದಾಟುವವರಿಗೆ ನಾವು ನಿಲ್ಲಬೇಕು. ನಿಧಾನ. ನನಗೆ ಅದೇ ಬೇಕಿತ್ತು. ಬೇಕರಿ ಮುಂದೆ ಇಳಿಯುತ್ತೇನೆ. ರಾಣೆಬೆನ್ನೂರಿನ ಗೆಳತಿ ಮಗನನ್ನು ಕರೆದುಕೊಂಡು ಮತ್ತೆ ಇದೇ ರಸ್ತೆಗೆ ಬಂದಿದ್ದಾಳೆ.

ಈಗ ನಮ್ಮೂರಿನ ಮಾತು. ಹುಬ್ಬಳ್ಳಿಯಲ್ಲಿ ಸ್ಮಾರ್ಟ್ ಸಿಟಿಯವರು ಬಾಡಿಗೆ ಸೈಕಲ್ ಇಟ್ಟರು. ಉಣಕಲ್ ಕೆರೆಯಿಂದ ಹರಿಯುವ ನಾಲೆಯ ದಂಡೆಗುಂಟ ಫ್ರಾನ್ಸಿನ ನೆರವಿನಿಂದ ಹಸಿರು ದಾರಿ, ಅದರಲ್ಲಿ ಸೈಕಲಿಗೂ ಜಾಗ, ಅಂತ ಯೋಜನೆ ಮಾಡಿದರು. ಒಳ್ಳೆಯದೇ. ಮುಂಜಾನೆ ವ್ಯಾಯಾಮಕ್ಕೆ ಹೋಗುವವರಿಗೆ, ಮಕ್ಕಳಿಗೆ ಅಂಥ ಜಾಗ ಬೇಕು. ಆದರೆ ಹಾಲು ಹಾಕುವವರು, ಗಾರೆ ಕೆಲಸಕ್ಕೆ ಹೋಗುವವರು, ಪೇಪರ್ ಹಾಕುವ ಹುಡುಗರು ನಾಲೆಯ ದಂಡೆಗೆ ಹೋಗಿ ಏನು ಮಾಡಬೇಕು? ಅವರ ಕೆಲಸ ಇರುವುದು ಅಂಗಡಿ, ಮನೆ ಇರುವ ರಸ್ತೆಯಲ್ಲಿ. ಹಿಂದಿನ ಸಲ ಊರಿಗೆ ಬಂದಾಗ ಟೋಲ್ ನಾಕಾ ಹತ್ತಿರ ಒಂದು ತಾಸು ನಿಂತು ನೋಡಿದೆ. ಸೈಕಲಿನವರು ಕಡಿಮೆ ಅಂತೀರಿ, ಕಡಿಮೆ ಇಲ್ಲ. ರಸ್ತೆಯ ಅಂಚಿನ ಮಣ್ಣಿನಲ್ಲಿ, ನಿಂತ ಕಾರುಗಳ ಹಿಂದೆ, ಚರಂಡಿಯ ಕಲ್ಲಿನ ಮೇಲೆ ಹೋಗುತ್ತಿರುತ್ತಾರೆ, ಅದಕ್ಕೇ ನಮ್ಮ ಕಣ್ಣಿಗೆ ಬೀಳುವುದಿಲ್ಲ. ರಸ್ತೆ ಅಗಲವಾಗಿ ನಡುವೆ ಕಟಾಂಜನ ಬಂದಮೇಲೆ ಕಾಕಾನಿಗೆ ಎದುರು ಬದಿಯ ಮೂರು ಮನೆ ಬಿಟ್ಟುಹೋದವು. ಸುತ್ತಿ ಬರುವಷ್ಟು ಹೊತ್ತು ಇರಲಿಲ್ಲ. "ಹ್ವಾದ್ರ ಹೋಗ್ಲಿ ಬಿಡು" ಅಂದರು. ಯಾರಿಗೂ ಹೇಳಲಿಲ್ಲ. ಹೇಳಬಹುದು ಅಂತಲೇ ಅವರಿಗೆ ಅನ್ನಿಸಿಲ್ಲ. ನನಗೆ ಬೇಜಾರಾಗಿದ್ದು ಅದಕ್ಕೇ.

ಇಲ್ಲಿ ನನ್ನಂಥ ಹೊರಗಿನವಳಿಗೂ ಎರಡು ನಿಮಿಷ ಸಿಕ್ಕಿತು. ಅರವತ್ತು ದಾಟಿದ, ನಲವತ್ತು ವರ್ಷ ಅದೇ ರಸ್ತೆಯಲ್ಲಿ ಸೈಕಲ್ ಹೊಡೆದ ಮನುಷ್ಯನಿಗೆ ಸ್ವಂತ ಊರಲ್ಲಿ ಅಷ್ಟಾದರೂ ಸಿಗಬೇಕಲ್ಲ?

ಡಿಸೆಂಬರಿನಲ್ಲಿ ಮೂರು ವಾರ ಊರಿಗೆ ಬರುತ್ತಿದ್ದೇನೆ. ಕಾಕಾನ ಜೊತೆ ನರೇಂದ್ರದಿಂದ ವಿದ್ಯಾಗಿರಿ ತನಕ ಒಂದು ವಾರ ಸೈಕಲ್ ಹೊಡೆಯುವುದು, ಅವರು ಎಲ್ಲೆಲ್ಲಿ ಇಳಿಯುತ್ತಾರೆ, ಎಲ್ಲಿ ದಾಟುತ್ತಾರೆ, ಎಲ್ಲಿ ಹೆದರುತ್ತಾರೆ ಎಲ್ಲ ಒಂದು ಹಾಳೆಯಲ್ಲಿ ಗುರುತು ಹಾಕುವುದು ಅಂತ ಮಾತಾಗಿದೆ. ಅದನ್ನು ಪಾಲಿಕೆಗೆ ಕೊಡುತ್ತೇವೆ. ಆ ದಾರಿಯಲ್ಲಿ ದಿನಾ ಸೈಕಲ್ ಹೊಡೆಯುವವರು ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇದ್ದರೆ ಅವರಿಗೂ ಹೇಳಿ, ಅವರ ಗುರುತೂ ಹಾಕೋಣ. ಕಾಕಾ ಬೆಳಿಗ್ಗೆ ಐದೂವರೆಗೆ ಹೊರಡುತ್ತಾರೆ, ಯಾರಿಗೂ ಕಾಯುವುದಿಲ್ಲ.