ನಾಳೆ ಯಾರನ್ನು ಹುಡುಕಿಕೊಂಡು ಹೋಗೋದು?

ಕಳೆದ ತಿಂಗಳು ಹಾವೇರಿಯಿಂದ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿದ. ಅವನು ಮದುವೆ ವಿಡಿಯೊ ಮಾಡುವವನು. ಬ್ಯಾಡಗಿ, ಹಾನಗಲ್, ರಾಣೆಬೆನ್ನೂರು ಅಂತ ಸೀಸನ್‌ನಲ್ಲಿ ಅವನಿಗೆ ಒಂದು ದಿನವೂ ಬಿಡುವಿರುವುದಿಲ್ಲ. "ಅಣ್ಣಾ, ಫೈಲ್ ಎಲ್ಲಾ ಕಾಣಸ್ತಾವ, ಆದ್ರ ಓಪನ್ ಆಗವಲ್ವು" ಅಂದ. ದನಿ ನಡುಗುತ್ತಿತ್ತು. ಮರುದಿನ ಮುಂಜಾನೆ ಮೊದಲ ಬಸ್ಸಿಗೇ ಹುಬ್ಬಳ್ಳಿಗೆ ಬಂದು, ಗೋಕುಲ ರೋಡಿನ ನಮ್ಮ ಮನೆಯ ಮೇಜಿನ ಮೇಲೆ ಒಂದು ಕಪ್ಪು ಡಬ್ಬಿ ಇಟ್ಟ. ಫೈಲ್ ತುಂಬಿಡುವ ಪೋರ್ಟಬಲ್ ಎಸ್‌ಎಸ್‌ಡಿ. ಮೇಲೆ 2 ಟಿಬಿ, ಅಂದರೆ ಸುಮಾರು 2,000 ಜಿಬಿ, ಅಂತ ಬರೆದಿತ್ತು. ಬೆಲೆ 1,499 ರೂಪಾಯಿ.

ಬೆಲೆ ಕೇಳಿದ ಕೂಡಲೇ ನನಗೆ ಹೊಟ್ಟೆಯಲ್ಲಿ ಕಸಿವಿಸಿ ಆಯಿತು. ಒಳ್ಳೆ ಕಂಪನಿಯ 2 ಟಿಬಿ ಎಸ್‌ಎಸ್‌ಡಿಗೆ ಹತ್ತು ಸಾವಿರದ ಮೇಲೇ ಕೊಡಬೇಕು. ಕಂಪ್ಯೂಟರಿಗೆ ಹಾಕಿ ನೋಡಿದರೆ 2 ಟಿಬಿ ಅಂತಲೇ ತೋರಿಸುತ್ತಿತ್ತು. ಫೋಲ್ಡರ್ ಇದೆ, ಫೈಲಿನ ಹೆಸರಿದೆ, ಸೈಜ್ ಕೂಡ ಸರಿಯಾಗಿದೆ. ಮೆಹಂದಿಯ ಒಂದಷ್ಟು ಫೈಲ್ ತೆರೆದವು. ಅಲ್ಲಿಂದ ಮುಂದೆ ಒಂದೂ ಇಲ್ಲ.

ಕೊನೆಗೆ ಚಾಕುವಿನ ತುದಿಯಿಂದ ಡಬ್ಬಿಯ ಅಂಚು ಬಿಡಿಸಿದೆ. ಒಂದು ಸ್ಕ್ರೂ ಕೂಡ ಇರಲಿಲ್ಲ, ಬರೀ ಅಂಟು. ಒಳಗೆ ಬೆರಳಗಲದ ಒಂದು ಹಸಿರು ಬೋರ್ಡು, ಅದರಲ್ಲಿ ಮೊಬೈಲಿಗೆ ಹಾಕುವಂಥ ಒಂದು ಮೆಮೊರಿ ಕಾರ್ಡು. ಅಲುಗಾಡಬಾರದು ಅಂತ ಅದರ ಮೇಲೆ ಬಿಸಿ ಗಮ್ ಸುರಿದಿದ್ದರು. ಪಕ್ಕದಲ್ಲಿ ತೂಕಕ್ಕೆ ಅಂತ ಒಂದು ಕಬ್ಬಿಣದ ಪಟ್ಟಿ. ಕಾರ್ಡು 64 ಜಿಬಿಯದು. ಅವನು ಹಾಕಿದ್ದು ಹತ್ತಿರ ಹತ್ತಿರ 200 ಜಿಬಿ.

ಇದು ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳಿಬಿಡ್ತೀನಿ. ಡಬ್ಬಿಯೊಳಗಿನ ಚಿಪ್ಪಿಗೆ ಸುಳ್ಳು ಹೇಳೋಕೆ ಕಲಿಸಿರುತ್ತಾರೆ. ಕಂಪ್ಯೂಟರ್ "ಎಷ್ಟು ಜಾಗ ಇದೆ?" ಅಂತ ಕೇಳಿದರೆ ಅದು 2 ಟಿಬಿ ಅನ್ನುತ್ತದೆ. ನಿಜವಾದ ಜಾಗ ತುಂಬಿದ ಮೇಲೂ ಕಾಪಿ ನಿಲ್ಲುವುದಿಲ್ಲ, ಎರರ್ ಬರುವುದಿಲ್ಲ. ಹೊಸ ಫೈಲ್ ಹಳೆಯದರ ಮೇಲೇ ಬೀಳುತ್ತದೆ, ಇಲ್ಲಾ ಎಲ್ಲೂ ಉಳಿಯದೇ ಹೋಗುತ್ತದೆ. ಹೆಸರುಗಳ ಪಟ್ಟಿ ಮಾತ್ರ ಬೇರೆ ಕಡೆ ಇರುವುದರಿಂದ ಎಲ್ಲಾ ಇದೆ ಅಂತಲೇ ಅನಿಸುತ್ತದೆ. ಅದನ್ನೇ ನಂಬಿ ಇವನು ಕ್ಯಾಮೆರಾದ ಎರಡೂ ಕಾರ್ಡ್ ಫಾರ್ಮ್ಯಾಟ್ ಮಾಡಿದ್ದ.

ಒಂದು ಕಾರ್ಡನ್ನು ಆಮೇಲೆ ಬಳಸಿರಲಿಲ್ಲ, ಅದೊಂದು ಪುಣ್ಯ. ಫೋಟೊರೆಕ್ ಅಂತ ಅಳಿಸಿಹೋದ ಫೈಲ್ ಹುಡುಕಿಕೊಡುವ ಒಂದು ಉಚಿತ ಸಾಫ್ಟ್‌ವೇರ್ ಇದೆ. ಅದನ್ನು ರಾತ್ರಿಯೆಲ್ಲಾ ಓಡಿಸಿದ ಮೇಲೆ ಅಕ್ಷತೆಯ ಹೊತ್ತಿನ ವಿಡಿಯೊ ಸಿಕ್ಕಿತು. ಇನ್ನೊಂದು ಕಾರ್ಡಿನಲ್ಲಿ ಆಗಲೇ ಬೇರೆ ಊರಿನ ಸೀಮಂತ ಶೂಟ್ ಆಗಿತ್ತು. ಅದರಲ್ಲಿದ್ದ ಮೆರವಣಿಗೆ ಪೂರ್ತಿ ಹೋಯಿತು. ಹುಡುಗಿಯ ಅಜ್ಜ ಕೋಲೂರಿಕೊಂಡೇ ಬ್ಯಾಂಡಿನ ಮುಂದೆ ಎರಡು ಹೆಜ್ಜೆ ಹಾಕಿದ್ದರಂತೆ. ಅದನ್ನು ಆ ಮನೆಯವರಿಗೆ ಯಾರೂ ವಾಪಸ್ ಕೊಡೋಕಾಗಲ್ಲ.

ನನಗೆ ಸಿಟ್ಟು ಬಂದಿದ್ದು ಅದಕ್ಕೇ. 1,499 ರೂಪಾಯಿ ಮತ್ತೆ ದುಡಿಯಬಹುದು.

ಎಲ್ಲಿ ತಗೊಂಡೆ ಅಂತ ಕೇಳಿದೆ. ರೀಲ್ಸ್ ನೋಡುವಾಗ ಒಂದು ಜಾಹೀರಾತು ಬಂದಿದೆ. ಒತ್ತಿದರೆ ಚಂದದ ಒಂದು ವೆಬ್‌ಸೈಟು, ಎಲ್ಲರಿಗೂ ಗೊತ್ತಿರುವ ಬ್ರ್ಯಾಂಡಿನ ಹೆಸರಿಗೆ ಹಿಂದೊಂದು ಮುಂದೊಂದು ಪದ ಸೇರಿಸಿದ ವಿಳಾಸ. "ಇನ್ನು 9 ನಿಮಿಷ ಮಾತ್ರ" ಅಂತ ಗಡಿಯಾರ ಓಡುತ್ತಿತ್ತಂತೆ. ಆ ಗಡಿಯಾರ ಈಗಲೂ ಓಡುತ್ತಿದೆ, ನಾನೇ ನೋಡಿದೆ. ಪುಟ ರಿಫ್ರೆಶ್ ಮಾಡಿದರೆ ಮತ್ತೆ 9 ನಿಮಿಷ. "ಬೀಗದ ಗುರುತು ಇತ್ತಲ್ಲಣ್ಣ" ಅಂದ. ಆ ಬೀಗ ಇದ್ದರೆ ನಿಮ್ಮ ಮೊಬೈಲಿಗೂ ಆ ಸೈಟಿಗೂ ನಡುವೆ ಯಾರೂ ಕದ್ದು ಓದಲ್ಲ ಅಂತ ಅಷ್ಟೇ ಅರ್ಥ. ಆ ಕಡೆ ಕೂತವನೇ ಕಳ್ಳನಾದರೆ ಬೀಗ ಏನು ಮಾಡೀತು? ಅದನ್ನು ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದು.

"ಕ್ಯಾಶ್ ಆನ್ ಡೆಲಿವರಿ ಇತ್ತು, ಅದಕ್ಕೇ ಧೈರ್ಯ ಮಾಡಿದೆ" ಅಂತಲೂ ಅಂದ. ಸುಮಾರು ಜನ ಹೀಗೇ ನಂಬಿದ್ದಾರೆ. ಆದರೆ ಬಾಗಿಲಿಗೆ ಬಂದ ಹುಡುಗ ಮೊದಲು ದುಡ್ಡು ತಗೊಂಡು ಆಮೇಲೆ ಡಬ್ಬಿ ಕೊಡುತ್ತಾನೆ. ಪಾಪ, ಒಳಗೆ ಏನಿದೆ ಅಂತ ಅವನಿಗೂ ಗೊತ್ತಿರಲ್ಲ. ಬಿಚ್ಚಿ ನೋಡಿ ದುಡ್ಡು ಕೊಡುವ ಓಪನ್ ಬಾಕ್ಸ್ ಡೆಲಿವರಿಯಾದರೆ ಸ್ವಲ್ಪ ಮೇಲು. ಆದರೆ ಇಂಥ ಎಸ್‌ಎಸ್‌ಡಿ ಬಿಚ್ಚಿದರೂ ಹೊರಗಿಂದ ಚೆನ್ನಾಗೇ ಕಾಣುತ್ತದೆ, ಅಲ್ವಾ?

ಅದಕ್ಕೆ ನಾನು ಈಗ ಮನೆಯಲ್ಲಿ ಎಲ್ಲರಿಗೂ ಹೇಳೋದು ಒಂದೇ. ವಸ್ತು ಆಮೇಲೆ ನೋಡು, ಮೊದಲು ಮಾರುವವನನ್ನು ನೋಡು. ಕೊಪ್ಪಿಕರ್ ರೋಡಿನ ಅಂಗಡಿಯಲ್ಲಿ ನೂರು ರೂಪಾಯಿ ಜಾಸ್ತಿ ಕೊಟ್ಟು ಚಾರ್ಜರ್ ತಗೊಂಡರೂ, ಅದು ಕೆಟ್ಟರೆ ನಾಳೆ ಅದೇ ಕಟ್ಟೆ ಹತ್ತಿ "ಇದೇನ್ರಿ ಹಿಂಗಾತು" ಅಂತ ಕೇಳಬಹುದು. ಆನ್‌ಲೈನಿನಲ್ಲಿ ಆ ಕಟ್ಟೆ ಎಲ್ಲಿದೆ ಅಂತ ದುಡ್ಡು ಕೊಡುವ ಮೊದಲೇ ಹುಡುಕಬೇಕು.

ಹುಡುಕೋದು ಕಷ್ಟ ಏನಲ್ಲ. ಪುಟದ ಕೆಳತುದಿಗೆ ಹೋಗಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನಿನಲ್ಲಿ ಮಾರುವವರು ತಮ್ಮ ಕಾನೂನುಬದ್ಧ ಹೆಸರು, ವಿಳಾಸ, ಫೋನ್, ದೂರು ನೋಡುವ ಅಧಿಕಾರಿಯ ಹೆಸರು ಹಾಕಲೇಬೇಕು. ಆ ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಈ ಸೈಟಿನಲ್ಲಿ ಇದ್ದದ್ದು ಒಂದು ಜಿಮೇಲ್ ವಿಳಾಸ, ಪಿನ್‌ಕೋಡ್ ಇಲ್ಲದ ಒಂದು ದೆಹಲಿ ವಿಳಾಸ, ಒಂದು ಜಿಎಸ್‌ಟಿ ನಂಬರ್.

ಆ ನಂಬರನ್ನು ನಾನು ಬೆರಳಿಟ್ಟು ಎಣಿಸಿದೆ. 14 ಇತ್ತು. ಜಿಎಸ್‌ಟಿ ನಂಬರಿನಲ್ಲಿ ಅಂಕಿ, ಅಕ್ಷರ ಸೇರಿ 15 ಇರಬೇಕು. ಮೊದಲ ಎರಡು ಅಂಕಿ ರಾಜ್ಯದ್ದು. ನಮ್ಮ ಕರ್ನಾಟಕ 29, ಮಹಾರಾಷ್ಟ್ರ 27, ದೆಹಲಿ 07. ಅದಾದ ಮೇಲಿನ 10 ಪ್ಯಾನ್ ನಂಬರು. ಇವರ ವಿಳಾಸ ದೆಹಲಿ, ನಂಬರು ಶುರುವಾಗೋದು 27ರಿಂದ! ನಂಬರು ನೋಡೋಕೆ ಸರಿಯಾಗೇ ಇದ್ದರೂ ಅಲ್ಲಿಗೇ ಬಿಡಬೇಡಿ, ಬೇರೆಯವರದನ್ನು ಕದ್ದು ಹಾಕಿರಬಹುದು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಸರ್ಚ್ ಟ್ಯಾಕ್ಸ್‌ಪೇಯರ್ ಅಂತ ಇದೆ, ಲಾಗಿನ್ ಬೇಡ. ನಂಬರ್ ಹಾಕಿದರೆ ಯಾರ ಹೆಸರು, ಯಾವಾಗ ನೋಂದಣಿ, ಈಗ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲಾ ಬರುತ್ತದೆ. ಆ ಹೆಸರು ಸೈಟಿನ ಹೆಸರಿಗೆ ಹೊಂದದಿದ್ದರೆ ಮುಂದೆ ಹೋಗಬೇಡಿ. ಎರಡು ನಿಮಿಷದ ಕೆಲಸ.

ಹಾಗೇ ಹೂಈಸ್ ಅಂತ ಹುಡುಕಿ ಸೈಟಿನ ವಿಳಾಸ ಹಾಕಿದರೆ ಅದು ಎಂದು ಹುಟ್ಟಿತು ಅಂತ ಗೊತ್ತಾಗುತ್ತದೆ. "10 ವರ್ಷದಿಂದ ನಿಮ್ಮ ಸೇವೆಯಲ್ಲಿ" ಅಂತ ಬರೆದುಕೊಂಡಿದ್ದ ಈ ಸೈಟಿಗೆ ಆಗ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ.

ದೊಡ್ಡ ಸೈಟುಗಳಲ್ಲೂ ಕಣ್ಣು ಮುಚ್ಚಿಕೊಂಡು ತಗೋಬೇಡಿ. ಅಲ್ಲಿ ಮಾರುವವರು ಬೇರೆ ಬೇರೆಯವರು ಇರುತ್ತಾರೆ. "ಸೋಲ್ಡ್ ಬೈ" ಅಂತ ಸಣ್ಣ ಅಕ್ಷರದಲ್ಲಿ ಇರುವ ಹೆಸರನ್ನು ಒತ್ತಿ ನೋಡಿ. ರಿವ್ಯೂಗಳಲ್ಲಿ ಹಳೆಯವನ್ನು ಓದಿ. ಪೆನ್‌ಡ್ರೈವಿನ ಪುಟದಲ್ಲಿ "ಕುಕ್ಕರ್ ಚೆನ್ನಾಗಿದೆ" ಅಂತ ರಿವ್ಯೂ ಇದ್ದದ್ದನ್ನು ನಾನೇ ನೋಡಿದ್ದೇನೆ. ಬೇರೆ ವಸ್ತುವಿಗೆ ಬಂದ ನಕ್ಷತ್ರಗಳನ್ನು ಇದಕ್ಕೆ ಅಂಟಿಸಿರುತ್ತಾರೆ. ಹೊಸದು ಅಂತ ಹಳೆ ಲ್ಯಾಪ್‌ಟಾಪ್ ಕಳಿಸುವವರೂ ಇದ್ದಾರೆ. ಅಡಿಯಲ್ಲಿರುವ ಸೀರಿಯಲ್ ನಂಬರನ್ನು ಕಂಪನಿಯ ಸೈಟಿನಲ್ಲಿ ಹಾಕಿ ವಾರಂಟಿ ಯಾವಾಗ ಶುರುವಾಗಿದೆ ಅಂತ ನೋಡಿ. ಮೊಬೈಲ್ ಆದರೆ *#06# ಒತ್ತಿ ಬರುವ ಐಎಂಇಐ ನಂಬರು ಡಬ್ಬಿಯ ಮೇಲಿನದಕ್ಕೆ ಹೊಂದಬೇಕು. ಸರ್ಕಾರದ ಸಂಚಾರ್ ಸಾಥಿ ಸೈಟಿನಲ್ಲೂ ಅದನ್ನು ಪರೀಕ್ಷೆ ಮಾಡಬಹುದು.

ಇನ್ನೊಂದು ಅಪಾಯ ಮೋಸ ಹೋದ ಮೇಲೆ ಬರುತ್ತದೆ. ಈ ನನ್ನ ತಮ್ಮನೇ ಸಿಟ್ಟಿನಲ್ಲಿ ಕಸ್ಟಮರ್ ಕೇರ್ ನಂಬರ್ ಅಂತ ಹುಡುಕಿ, ಎಲ್ಲೋ ಸಿಕ್ಕ ಮೊಬೈಲ್ ನಂಬರಿಗೆ ಫೋನ್ ಮಾಡಿದ್ದ. ಆ ಕಡೆಯವನು ಬಹಳ ಮರ್ಯಾದೆಯಿಂದ ಮಾತಾಡಿ, "ರಿಫಂಡ್ ಕಳಿಸ್ತೀವಿ, ಈ ಆಪ್ ಹಾಕಿಕೊಳ್ಳಿ, ಯುಪಿಐ ಪಿನ್ ಒತ್ತಿ" ಅಂದಿದ್ದಾನೆ. ಆ ಆಪ್ ಹಾಕಿದರೆ ನಮ್ಮ ಪರದೆಯೆಲ್ಲಾ ಅವನಿಗೆ ಕಾಣುತ್ತದೆ. ಪುಣ್ಯಕ್ಕೆ ಅಷ್ಟರಲ್ಲಿ ಚಾರ್ಜ್ ಮುಗಿದು ಫೋನ್ ಆಫ್ ಆಯಿತು. ದುಡ್ಡು ಬರೋದಕ್ಕೆ ಪಿನ್ ಬೇಡ. ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ. ಇದನ್ನು ನಿಮ್ಮ ಅಪ್ಪ ಅಮ್ಮನಿಗೆ ಇವತ್ತೇ ಹೇಳಿ.

ಯುಪಿಐನಲ್ಲಿ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಇನ್ನೂ ಬ್ಯಾಂಕಿನಲ್ಲೇ ಇದ್ದರೆ ತಡೆಹಿಡಿಯೋಕೆ ದಾರಿ ಇದೆ, ನಾಳೆ ನೋಡೋಣ ಅಂದರೆ ಅದು ಹತ್ತು ಖಾತೆ ದಾಟಿರುತ್ತದೆ. ವಸ್ತು, ಬಿಲ್ಲು, ರಿಫಂಡಿನ ತಕರಾರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮಾರಿದವನ ಊರಿಗೆ ಅಲೆಯಬೇಕಿಲ್ಲ, ನಾವಿರುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು. ವಸ್ತುವಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ನಾವು 1915ಕ್ಕೆ ದೂರು ಕೊಟ್ಟಿದ್ದೇವೆ. ಪಾರ್ಸಲ್ ಮೇಲಿನ ಚೀಟಿಯನ್ನು ಅವನು ಹರಿದು ಹಾಕಿರಲಿಲ್ಲ. ಕಳಿಸಿದವನ ಹೆಸರು ಸೈಟಿನಲ್ಲಿ ಇರಲಿಲ್ಲ, ಆ ಚೀಟಿಯಲ್ಲಿ ಇತ್ತು. ಅದರ ಫೋಟೊ ಕೂಡ ಲಗತ್ತಿಸಿದ್ದೇವೆ. ದುಡ್ಡು ಇನ್ನೂ ಬಂದಿಲ್ಲ.

ಆ ವಾರವೇ ಇಬ್ಬರೂ ಕೊಪ್ಪಿಕರ್ ರೋಡಿಗೆ ಹೋಗಿ, ಜಿಎಸ್‌ಟಿ ಬಿಲ್ ಹಾಕಿಸಿ, 1 ಟಿಬಿಯದೊಂದು ತಂದೆವು. 2 ಟಿಬಿಗೆ ದುಡ್ಡು ಸಾಲಲಿಲ್ಲ. ಮನೆಗೆ ಬಂದು ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಪುಟ್ಟ ಸಾಫ್ಟ್‌ವೇರ್ ಹಚ್ಚಿಟ್ಟೆ. ಅದು ಡ್ರೈವ್ ಪೂರ್ತಿ ತುಂಬಿಸಿ, ಬರೆದದ್ದನ್ನೇ ಮತ್ತೆ ಓದಿ ನೋಡುತ್ತದೆ. ತಾಸುಗಟ್ಟಲೆ ಬೇಕು. ತಮ್ಮ ಊಟ ಮಾಡಿ ಅದರ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗಿದ. ಮುಂಜಾನೆ ನಾನು ಏಳುವಷ್ಟರಲ್ಲಿ ಅವನು ಪರದೆಯ ಮುಂದೆ ಕೂತಿದ್ದ. ಒಂದೂ ಎರರ್ ಇರಲಿಲ್ಲ. ಆಮೇಲೆ ಅಕ್ಷತೆಯ ಫೈಲ್‌ಗಳನ್ನು ಅದಕ್ಕೆ ಹಾಕಿ, ಒಂದೊಂದನ್ನೇ ತೆರೆದು ಕೊನೆಯವರೆಗೂ ನೋಡಿ, ಮಧ್ಯಾಹ್ನದ ಬಸ್ಸಿಗೆ ಹಾವೇರಿಗೆ ಹೊರಟ.